ಮೂರು ಬಾರಿ ಮಂತ್ರಿ, ಆದರೂ ಚರಂಡಿ ಖಾತೆ ಬೇರೆಯವರದು

ದೊಡ್ಡನೆಕ್ಕುಂದಿ: ಶಾಸಕರು ಮಂತ್ರಿಯಾದರೆ ಊರಿಗೆ ರಸ್ತೆ, ನೀರು, ಚರಂಡಿ ತಾವಾಗಿಯೇ ಬರುತ್ತವೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ದೊಡ್ಡನೆಕ್ಕುಂದಿ ಸೇರಿರುವ ಮಹದೇವಪುರ ವಿಧಾನಸಭಾ ಕ್ಷೇತ್ರದಲ್ಲಿ ಅದು ಎಷ್ಟರಮಟ್ಟಿಗೆ ನಿಜವಾಯಿತು ಎಂಬುದಕ್ಕೆ ಅರವಿಂದ ಲಿಂಬಾವಳಿಯವರ ರಾಜಕೀಯ ಜೀವನವೇ ಉದಾಹರಣೆ.

ಅಖಿಲ ಭಾರತೀಯ ವಿದ್ಯಾರ್ಥಿ ಪರಿಷತ್ತಿನಿಂದ ಬಂದು ಬಿಜೆಪಿ ಸಂಘಟನೆಯಲ್ಲಿ ಬೆಳೆದ ಲಿಂಬಾವಳಿ ಮೂಲತಃ ಉತ್ತರ ಕರ್ನಾಟಕದವರು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ವರ್ತೂರು ಕ್ಷೇತ್ರ ಮರೆಯಾಗಿ, ಪರಿಶಿಷ್ಟ ಜಾತಿಗೆ ಮೀಸಲಾದ ಮಹದೇವಪುರ ಹುಟ್ಟಿಕೊಂಡಿತು. ಅದರ ಮೊದಲ ಶಾಸಕರು ಅವರೇ. 2013ರಲ್ಲಿ ಕಾಂಗ್ರೆಸ್ಸಿನ ಎ.ಸಿ. ಶ್ರೀನಿವಾಸ ಅವರೆದುರು ಗೆಲುವಿನ ಅಂತರ 6 ಸಾವಿರದ ಆಸುಪಾಸಿಗೆ ಸೀಮಿತವಾಯಿತು. 2018ರಲ್ಲಿ ಅದೇ ಎದುರಾಳಿಯ ವಿರುದ್ಧ 17 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಮಂತ್ರಿ ಪದವಿ ಮಾತ್ರ ಕಂತುಕಂತಾಗಿ ಬಂತು. ಯಡಿಯೂರಪ್ಪ ಅವರ 2008ರ ಸಂಪುಟದಲ್ಲಿ ಉನ್ನತ ಶಿಕ್ಷಣ. 2010ರಲ್ಲಿ ಸಂಪುಟದಿಂದ ಹೊರಕ್ಕೆ. 2012ರಲ್ಲಿ ಜಗದೀಶ ಶೆಟ್ಟರ್ ಸಂಪುಟದಲ್ಲಿ ಆರೋಗ್ಯ. ಮರುವರ್ಷದ ಚುನಾವಣೆಯಲ್ಲಿ ಸರ್ಕಾರವೇ ಹೋಯಿತು. ಬಳಿಕ 2021ರ ಜನವರಿ 13ರಂದು ಮತ್ತೆ ಪ್ರಮಾಣ ವಚನ. ಅರಣ್ಯ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳು. ಅದೇ ಜುಲೈ 26ರಂದು ಯಡಿಯೂರಪ್ಪ ರಾಜೀನಾಮೆ ನೀಡಿದರು. ಬೊಮ್ಮಾಯಿ ಸಂಪುಟದಲ್ಲಿ ಲಿಂಬಾವಳಿಯವರಿಗೆ ಸ್ಥಾನ ಸಿಗಲಿಲ್ಲ.

ಖಾತೆಗಳ ಈ ಪಟ್ಟಿಯನ್ನು ಗಮನಿಸಬೇಕು. ಹೊರ ವರ್ತುಲ ರಸ್ತೆಯ ಅಂಚಿನ ಈ ಊರಿನವರಿಗೆ ನಿತ್ಯ ಬೇಕಾದ ಬೆಂಗಳೂರು ಅಭಿವೃದ್ಧಿ ಖಾತೆ ಅದರಲ್ಲಿಲ್ಲ. 2019ರಿಂದ ಅದನ್ನು ಮುಖ್ಯಮಂತ್ರಿಗಳಾದ ಯಡಿಯೂರಪ್ಪ, ನಂತರ ಬೊಮ್ಮಾಯಿ ತಮ್ಮಲ್ಲೇ ಇಟ್ಟುಕೊಂಡಿದ್ದರು. 2023ರಲ್ಲಿ ಅದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಪಾಲಾಯಿತು. ರಾಜಧಾನಿಯ ಹಣ, ಗುತ್ತಿಗೆ, ಭೂಮಿ ಎಲ್ಲವೂ ಹಾದುಹೋಗುವ ಖಾತೆಯನ್ನು ಯಾವ ಮುಖ್ಯಮಂತ್ರಿಯೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅರಣ್ಯ ಸಚಿವರ ಕ್ಷೇತ್ರವೇ ಆದರೂ ಇಲ್ಲಿನ ರಾಜಕಾಲುವೆಯ ಹೂಳು ತೆಗೆಯಬೇಕಾದದ್ದು ಪಾಲಿಕೆ. ಒಳಚರಂಡಿ ಜಲಮಂಡಳಿಯ ಹೊಣೆ.

ಮಹದೇವಪುರ ನಗರಸಭೆ ಬಿಬಿಎಂಪಿಯಲ್ಲಿ ವಿಲೀನವಾದದ್ದು 2007ರಲ್ಲಿ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಚುನಾವಣೆ ನಡೆಯಲೇ ಇಲ್ಲ. ಹೀಗಾಗಿ ಕಸದ ದೂರಿನಿಂದ ಹಿಡಿದು ಎಲ್ಲವೂ ಶಾಸಕರ ಬಾಗಿಲಿಗೆ ಬಂತು. 2022ರ ಸೆಪ್ಟೆಂಬರಿನ ಮಳೆಗೆ ಮಹದೇವಪುರ ವಲಯದ ಬಡಾವಣೆಗಳೂ ಹೊರ ವರ್ತುಲ ರಸ್ತೆಯೂ ಮುಳುಗಿ, ಐಟಿ ನೌಕರರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದಾಗ ಜನ ಕೇಳಿದ್ದೂ ಶಾಸಕರನ್ನೇ. ಆಗ ಲಿಂಬಾವಳಿ ಮಂತ್ರಿಯಾಗಿರಲಿಲ್ಲ. ಹದಿನಾಲ್ಕು ವರ್ಷದ ಶಾಸಕತ್ವವನ್ನು ಜನ ಲೆಕ್ಕ ಹಿಡಿದರೆ ಅದನ್ನು ತಪ್ಪೆನ್ನಲಾಗದು.

2023ರಲ್ಲಿ ಪಕ್ಷ ಅವರ ಬದಲು ಪತ್ನಿ ಮಂಜುಳಾ ಅವರಿಗೆ ಟಿಕೆಟ್ ನೀಡಿತು. ಕಾಂಗ್ರೆಸ್ಸಿನಿಂದ ಸ್ಪರ್ಧಿಸಿದ್ದ ಮಾಜಿ ಸಚಿವ ಎಚ್. ನಾಗೇಶ್ ಅವರನ್ನು ಅವರು 44 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಪತಿಗೆ ಹಿಂದಿನ ಎರಡು ಚುನಾವಣೆಗಳಲ್ಲಿ ಇಷ್ಟು ಅಂತರ ದೊರೆತಿರಲಿಲ್ಲ. ಆದರೆ ಅಧಿಕಾರ ಹಿಡಿದದ್ದು ಕಾಂಗ್ರೆಸ್; ಕ್ಷೇತ್ರದ ಶಾಸಕರು ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು. 2025ರಲ್ಲಿ ಬಿಬಿಎಂಪಿಯನ್ನು ಐದು ಪಾಲಿಕೆಗಳಾಗಿ ಒಡೆದಾಗ ದೊಡ್ಡನೆಕ್ಕುಂದಿಯ ಚರಂಡಿಗಳು ಬೆಂಗಳೂರು ಪೂರ್ವ ನಗರ ಪಾಲಿಕೆಯ ಸುಪರ್ದಿಗೆ ಬಂದವು.