ಸೆಲೊಫೇನ್ ಕೊಳವೆಯಲ್ಲಿ ತೊಳೆದ ರಕ್ತ

1943ರಲ್ಲಿ ನೆದರ್ಲೆಂಡ್ಸ್ ಜರ್ಮನಿಯ ವಶದಲ್ಲಿತ್ತು. ಕಾಂಪೆನ್ ಎಂಬ ಊರಿನ ಆಸ್ಪತ್ರೆಯಲ್ಲಿ ವಿಲೆಮ್ ಕೋಲ್ಫ್ ಎಂಬ ಯುವ ವೈದ್ಯರು ಯಂತ್ರವೊಂದನ್ನು ಕಟ್ಟಿದರು. ಮರದ ಪಟ್ಟಿಗಳ ಉರುಳೆ, ಅದಕ್ಕೆ ಸುತ್ತಿದ ಸೆಲೊಫೇನ್ ಕೊಳವೆ, ಕೆಳಗೆ ಉಪ್ಪುನೀರಿನ ತೊಟ್ಟಿ. ಸಾಸೇಜ್ ತುಂಬಲು ಬಳಸುವ ಸೆಲೊಫೇನೇ ಅದು. ಮೂತ್ರಪಿಂಡ ಕೈಕೊಟ್ಟ ತರುಣನೊಬ್ಬ ಕಣ್ಣೆದುರೇ ತೀರಿಕೊಂಡದ್ದು ಅವರನ್ನು ಈ ಕೆಲಸಕ್ಕೆ ಹಚ್ಚಿತ್ತು.

ಮೂತ್ರಪಿಂಡ ಸೋತರೆ ಯೂರಿಯಾದಂಥ ಕಲ್ಮಶಗಳು ರಕ್ತದಲ್ಲೇ ಉಳಿಯುತ್ತವೆ. ರೋಗಿ ಕ್ರಮೇಣ ಪ್ರಜ್ಞೆ ತಪ್ಪುತ್ತಾನೆ. ಸೆಲೊಫೇನಿನ ಸೂಕ್ಷ್ಮ ರಂಧ್ರಗಳಲ್ಲಿ ಯೂರಿಯಾ ನುಸುಳಬಲ್ಲದು. ರಕ್ತಕಣ, ಪ್ರೋಟೀನುಗಳು ನುಸುಳಲಾರವು. ಉರುಳೆ ತಿರುಗಿದಂತೆ ಕೊಳವೆಯೊಳಗಿನ ರಕ್ತದಿಂದ ಕಲ್ಮಶ ತೊಟ್ಟಿಯ ನೀರಿಗೆ ಇಳಿಯುತ್ತಿತ್ತು. ರಕ್ತವನ್ನು ಹೀಗೆ ತೊಳೆಯುವುದೇ ಡಯಾಲಿಸಿಸ್. ನೀರಿನಲ್ಲಿ ಉಪ್ಪನ್ನು ಹದವಾಗಿ ಬೆರೆಸಿದ್ದರಿಂದ ದೇಹಕ್ಕೆ ಬೇಕಾದ ಲವಣ ಸೋರಿಹೋಗುತ್ತಿರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕಾಯುತ್ತಿತ್ತು. ಜರ್ಮನಿಯ ಗೀಸೆನ್‌ನಲ್ಲಿ ಗೇಯಾರ್ಗ್ ಹಾಸ್ 1924ರಲ್ಲೇ ಮನುಷ್ಯರ ಮೇಲೆ ಡಯಾಲಿಸಿಸ್ ಪ್ರಯೋಗಿಸಿದಾಗ ಈ ಔಷಧ ಇನ್ನೂ ಬಳಕೆಗೆ ಬಂದಿರಲಿಲ್ಲ.

ಮೊದಲೆರಡು ವರ್ಷ ಕೋಲ್ಫ್ ಅವರ ರೋಗಿಗಳಲ್ಲಿ ಬಹುತೇಕರು ಉಳಿಯಲಿಲ್ಲ. 1945ರ ಸೆಪ್ಟೆಂಬರಿನಲ್ಲಿ ಪ್ರಜ್ಞೆ ತಪ್ಪಿದ್ದ 67 ವರ್ಷದ ಮಹಿಳೆಯೊಬ್ಬರು ಸುಮಾರು 11 ಗಂಟೆಗಳ ಡಯಾಲಿಸಿಸ್ ನಂತರ ಕಣ್ಣುಬಿಟ್ಟರು. ಅವರ ಮೂತ್ರಪಿಂಡಗಳು ಮತ್ತೆ ಕೆಲಸ ಆರಂಭಿಸಿದವು. ಅವರು ಹಲವು ವರ್ಷ ಬದುಕಿದರು.

ಆದರೆ ಈ ಯಂತ್ರ ನೆರವಾದದ್ದು ತಾತ್ಕಾಲಿಕವಾಗಿ ಸೋತ ಮೂತ್ರಪಿಂಡಗಳಿಗೆ ಮಾತ್ರ. ಪ್ರತಿ ಸಲವೂ ಹೊಸ ರಕ್ತನಾಳವನ್ನು ಕೊಯ್ದು ಕೊಳವೆ ಸೇರಿಸಬೇಕಿತ್ತು. ಕೆಲವೇ ಸಲಕ್ಕೆ ನಾಳಗಳು ಮುಗಿದುಹೋಗುತ್ತಿದ್ದವು. ಈ ಗಂಟನ್ನು ಬಿಡಿಸಿದವರು ಅಮೆರಿಕದ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್. 1960ರಲ್ಲಿ ಅವರು ತೋಳಿನ ಅಪಧಮನಿ ಮತ್ತು ಅಭಿಧಮನಿಗಳನ್ನು ಸೇರಿಸುವ ಟೆಫ್ಲಾನ್ ಕೊಳವೆಯನ್ನು ಅಲ್ಲೇ ಉಳಿಸಿದರು. ಬೇಕೆಂದಾಗ ಯಂತ್ರಕ್ಕೆ ಜೋಡಿಸಬಹುದಾಯಿತು. ಅವರ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ 11 ವರ್ಷ ಬಾಳಿದರು.

ಯಂತ್ರಗಳು ಕೆಲವೇ ಇದ್ದವು, ಕಾದವರು ಅನೇಕರು. ಯಾರಿಗೆ ಚಿಕಿತ್ಸೆ ಕೊಡಬೇಕೆಂದು ತೀರ್ಮಾನಿಸಲು ಸಿಯಾಟಲ್‌ನಲ್ಲಿ ನಾಗರಿಕರ ಸಮಿತಿಯೇ ಕೂತಿತು. ಒಬ್ಬರ ಉದ್ಯೋಗ, ಸಂಸಾರ ನೋಡಿ ಅವರ ಬದುಕನ್ನು ತೂಗಬೇಕಾಗಿ ಬಂದದ್ದು ವೈದ್ಯಕೀಯಕ್ಕೆ ಎದುರಾದ ಕಠಿಣ ನೈತಿಕ ಪರೀಕ್ಷೆ. 1972ರಲ್ಲಿ ಅಮೆರಿಕ ಡಯಾಲಿಸಿಸ್ ವೆಚ್ಚವನ್ನು ಸರ್ಕಾರವೇ ಭರಿಸುವ ಕಾನೂನು ತಂದಿತು.

ಡಯಾಲಿಸಿಸ್ ರಕ್ತವನ್ನು ಶುದ್ಧಿ ಮಾಡುತ್ತದೆ; ಮೂತ್ರಪಿಂಡದ ಎಲ್ಲ ಕೆಲಸವನ್ನೂ ಮಾಡಲಾರದು. ಹಾಗಾಗಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ ಇರುವವರು ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ತಪ್ಪದೆ ಮಾಡಿಸಿಕೊಳ್ಳಬೇಕು.