ಖೂಬಾ ಪ್ಲಾಟಿನಿಂದ ಪೆನ್ ಮೇಳಕ್ಕೆ

ಮುಂಬೈ ವರ್ಳಿಯ ನೆಹರೂ ಸೆಂಟರ್. 2020ರ ಇಂಡಿಯಾ ಪೆನ್ ಶೋ. ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಬಗ್ಗಿದ ಬೆನ್ನುಗಳು. ಮೇಜು ಮೇಜಿಗೂ ಜನ ಬಾಗಿ ನಿಂತು ಬರೆಯುತ್ತಿದ್ದಾರೆ.

ಕಲಬುರಗಿಯವರಿಗೆ ಈ ಊರು ದೂರವಲ್ಲ. ರಾತ್ರಿ ರೈಲು ಹತ್ತಿದರೆ ನಸುಕಿಗೆ ದಾದರ್. ಖೂಬಾ ಪ್ಲಾಟಿನ ಮನೆಯಿಂದ ಹೊರಡುವಾಗ ಚೀಲಕ್ಕೆ ಹಾಕಿಕೊಂಡದ್ದು ಒಂದು ಭೂತಗನ್ನಡಿ, ಹಳೇ ಧೋತರದ ತುಂಡು, ದಿನಾ ಬರೆಯುವ ನೋಟ್‌ಬುಕ್ಕು. ಅಂಗಡಿಯವರು ಇಟ್ಟಿರುವ ನುಣುಪು ಕಾಗದದ ಮೇಲೆ ಯಾವ ನಿಬ್ಬಾದರೂ ಚೆಂದವಾಗಿ ಓಡುತ್ತದೆ. ನಮ್ಮ ಕಾಗದದ ಮೇಲೆ ಶಾಯಿ ಹರಡುತ್ತದೆಯೋ, ಹಿಂಬದಿಗೆ ಇಳಿಯುತ್ತದೆಯೋ, ಅದು ಗೊತ್ತಾಗಬೇಕು.

ಬಹಳ ಮಂದಿ ಇಂಗ್ಲಿಷಿನಲ್ಲೊಂದು ಸಹಿ ಹಾಕಿ ಪೆನ್ನು ಕೆಳಗಿಡುತ್ತಾರೆ. ನಾನು ವಿಳಾಸ ಬರೆಯುತ್ತೇನೆ: ಖೂಬಾ ಪ್ಲಾಟ್, ಕಲಬುರಗಿ. ಕನ್ನಡದ ದುಂಡಕ್ಷರ ನಿಬ್ಬನ್ನು ಎಲ್ಲ ದಿಕ್ಕಿಗೂ ತಿರುಗಿಸುತ್ತದೆ. ನಿಬ್ಬಿನ ಎರಡು ಕವಲುಗಳಲ್ಲಿ ಒಂದು ಕೂದಲೆಳೆಯಷ್ಟು ಮೇಲಿದ್ದರೂ ‘ಖೂ’ದ ಕೊಂಬು ಸುತ್ತಿ ಮೇಲೇರುವ ಜಾಗದಲ್ಲಿ ಅದು ಕಾಗದ ಕೆರೆಯುತ್ತದೆ. ಕೆಳಮುಖ ಗೀಟಿನಲ್ಲಿ ಈ ದೋಷ ಅಡಗಿಬಿಡುತ್ತದೆ. ಕನ್ನಡಿಗರು ಶಾಯಿ ಪೆನ್ನು ಕೊಳ್ಳುವಾಗ ಕನ್ನಡವನ್ನೇ ಬರೆದು ನೋಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ನನ್ನ ಜೀವವೆಲ್ಲ ಇರುವುದು ಎಬೊನೈಟ್ ಪೆನ್ನುಗಳಲ್ಲಿ. ರಬ್ಬರಿಗೆ ಗಂಧಕ ಬೆರೆಸಿ, ಕಾಯಿಸಿ, ಗಟ್ಟಿ ಮಾಡಿದ ಸರಳನ್ನು ಲೇತ್‌ನಲ್ಲಿ ಕೈಯಿಂದ ಕಡೆದು ಮಾಡುವ ಪೆನ್ನುಗಳಿವು. ಕ್ಯಾಪು ಬಿಚ್ಚಿ ಮೂಗಿಗೆ ಹಿಡಿದರೆ ಗಂಧಕದ ಸಣ್ಣ ವಾಸನೆ. ರಾಜಮಂಡ್ರಿಯ ರತ್ನಂ ಅವರು 1932ರಲ್ಲಿ ಶುರು ಮಾಡಿದ ಕಸುಬು, 1935ರಲ್ಲಿ ಅವರ ಸ್ವದೇಶಿ ಪೆನ್ನಿಗೆ ಗಾಂಧೀಜಿ ಬರೆದ ಮೆಚ್ಚುಗೆಯ ಪತ್ರ, ಎಲ್ಲವೂ ಈ ಪರಂಪರೆಯದೇ. ಹೈದರಾಬಾದಿನ ಆಬಿಡ್ಸ್‌ನ ಡೆಕ್ಕನ್ ಪೆನ್ ಸ್ಟೋರ್ಸ್ 1928ರದು. ಆಗ ಕಲಬುರಗಿಯೂ ನಿಜಾಮರ ಸೀಮೆಯೇ. ಒಳ್ಳೆಯ ಪೆನ್ನು ಅಂದರೆ ನಮ್ಮ ಕಡೆಯವರ ಕಣ್ಣು ಇಂದಿಗೂ ಹೈದರಾಬಾದಿನತ್ತಲೇ ಹೊರಳುತ್ತದೆ.

ಇವುಗಳಲ್ಲಿ ಹೆಚ್ಚಿನವು ಫಿಲ್ಲರಿನಿಂದ ಹೊಟ್ಟೆಗೇ ಶಾಯಿ ತುಂಬುವಂಥವು. ಎರಡು, ಮೂರು ಮಿಲಿಲೀಟರ್ ಹಿಡಿಸುತ್ತದೆ. ಪೆನ್ನಿನೊಳಗೆ ಕೂರಿಸುವ ಸಾಮಾನ್ಯ ಕನ್ವರ್ಟರಿನಲ್ಲಿ ಒಂದೂ ಹಿಡಿಸದು. ಆದರೆ ಶಾಯಿ ತಳ ಸೇರಿದಾಗ ಒಳಗಿನ ಗಾಳಿ ಕೈಯ ಬಿಸಿಗೆ ಹಿಗ್ಗಿ ನಿಬ್ಬಿನಿಂದ ಹನಿ ತಳ್ಳುತ್ತದೆ. 40 ಡಿಗ್ರಿ ದಾಟುವ ನಮ್ಮೂರ ಬೇಸಿಗೆಯಲ್ಲಂತೂ ಅರ್ಧ ಇಳಿಯುವ ಮೊದಲೇ ತುಂಬಿಸಿಟ್ಟುಕೊಳ್ಳಬೇಕು. ತಿರುಪಿನ ಸುತ್ತುಗಳಿಗೆ ಚೂರು ಸಿಲಿಕಾನ್ ಗ್ರೀಸ್ ಸವರಿದರೆ ಸೋರುವುದಿಲ್ಲ. ಎಬೊನೈಟಿನ ಗೋಡೆ ದಪ್ಪ, ಬಿಸಿಯನ್ನು ಬೇಗ ಒಳಬಿಡುವುದಿಲ್ಲ. ನಮ್ಮ ಹವೆಗೆ ಹೇಳಿ ಮಾಡಿಸಿದ ವಸ್ತು.

ಹಳೇ ಪೆನ್ನುಗಳ ಮೇಜಿನಲ್ಲಿ ಪಾರ್ಕರ್ 51 ಸಾಲಾಗಿ ಮಲಗಿವೆ. 1941ರಲ್ಲಿ ಬಂದ, ನಿಬ್ಬಿನ ತುದಿಯಷ್ಟೇ ಹೊರಗೆ ಕಾಣುವ ಪೆನ್ನು. ಪಕ್ಕದ ಟ್ರೇಯಿಂದ ಲಿವರ್ ಎತ್ತಿ ಶಾಯಿ ತುಂಬುವ ಪೆನ್ನೊಂದನ್ನು ಎತ್ತಿಕೊಂಡೆ. ನನ್ನ ನೋಟ್‌ಬುಕ್ಕಿನ ಅಕ್ಷರ ಕಂಡಿದ್ದ ಹಿರಿಯರೊಬ್ಬರು ತಡೆದರು.

“ಲಿವರ್ ಎತ್ತಬ್ಯಾಡ್ರಿ ಸರ. ಒಳಗಿನ ರಬ್ಬರ್ ಚೀಲ ಬಿರುಸಾಗಿರ್ತದ, ಮುರೀತದ. ಮದಲ ಕ್ಯಾಪಿನ ಅಂಚು ಬೆಳಕಿಗೆ ಹಿಡೀರಿ.”

ಹಿಡಿದೆ. ಕ್ಲಿಪ್ಪಿನ ನೇರಕ್ಕೆ ಸಣ್ಣದೊಂದು ಸೀಳು.

“ಯಾವೂರು ರೀ ನಿಮ್ದು?”

“ಸೋಲಾಪುರ. ಕಲಬುರಗಿಗೆ ಬೀಗರು ಅದಾರ.”

ಶಾಯಿಯ ಮೇಜುಗಳಲ್ಲಿ ಹೊಳೆಯುವ ಪುಡಿ ಬೆರೆತ ಬಣ್ಣಗಳಿಗೆ ನೂಕುನುಗ್ಗಲು. ಆ ಪುಡಿ ನಿಬ್ಬಿಗೆ ಶಾಯಿ ಹರಿಸುವ ಫೀಡಿನ ಸಂದಿಯಲ್ಲಿ ಕೂತರೆ ತೊಳೆಯುವುದು ಕಷ್ಟ. ಬೆಂಗಳೂರಿನ ಚೆಲ್ಪಾರ್ಕ್ ನೀಲಿಯಲ್ಲಿ ಬರೆದು ಬೆಳೆದವನು ನಾನು, ಮುಂದೆ ನಡೆದೆ.

ಕೊನೆಗೆ ಕೂತದ್ದು ನಿಬ್ಬು ಸರಿಮಾಡುವವರ ಎದುರು. ಕೆರೆಯುತ್ತಿದ್ದ ನನ್ನ ಎಬೊನೈಟ್ ಪೆನ್ನು ಕೊಟ್ಟೆ. ಅವರು ನಿಬ್ಬು ನೋಡುವ ಮೊದಲು ನನ್ನ ಕೈ ನೋಡಿದರು, ಬರೆಯಿರಿ ಎಂದರು. ವಿಳಾಸ ಬರೆದೆ. ನಾನು ಪೆನ್ನನ್ನು ತುಸು ಎಡಕ್ಕೆ ಹೊರಳಿಸಿ ಹಿಡಿಯುತ್ತೇನೆಂದು ಅವರೇ ತೋರಿಸಿಕೊಟ್ಟರು. ಕವಲುಗಳನ್ನು ಉಗುರಿನಿಂದ ಒತ್ತಿ ಸಮ ಮಾಡಿ, ನುಣುಪಾದ ಉಜ್ಜುಹಾಳೆಯ ಮೇಲೆ ತುದಿಯನ್ನು ಎಂಟರ ಆಕಾರದಲ್ಲಿ ಆಡಿಸಿದರು. ನಾಲ್ಕು ಸುತ್ತು, ತೊಳೆ, ಭೂತಗನ್ನಡಿ, ಮತ್ತೆರಡು ಸುತ್ತು. ಪೂರ್ತಿ ನುಣುಪು ಬೇಡ, ಕಾಗದ ಕೈಗೆ ಗೊತ್ತಾಗಬೇಕು ಎಂದು ಹೇಳಿದೆ. ತಲೆಯಾಡಿಸಿ ಅಲ್ಲಿಗೇ ನಿಲ್ಲಿಸಿ, ನೋಟ್‌ಬುಕ್ಕನ್ನು ನನ್ನತ್ತ ಸರಿಸಿದರು. ‘ಖೂ’ದ ಕೊಂಬು ಎಲ್ಲೂ ತಡೆಯದೆ ಸುತ್ತಿ ಬಂತು.