ಗಂಗವಾಡಿಯ ಗಡಿಕಲಹ ಮತ್ತು ಹೆಬ್ಬಾಳದ ಕಿಟ್ಟಯ್ಯ

ಮೇಲ್ಸೇತುವೆ ಮತ್ತು ವಾಹನ ದಟ್ಟಣೆಗೆ ಹೆಸರಾದ ಬೆಂಗಳೂರಿನ ಹೆಬ್ಬಾಳವು ಎಂಟನೆಯ ಶತಮಾನದಲ್ಲಿ ಎರಡು ರಾಜ್ಯಗಳ ಕಲಹಕ್ಕೆ ಸಿಕ್ಕಿದ ಹಳ್ಳಿಯಾಗಿತ್ತೆಂಬುದಕ್ಕೆ ಅಲ್ಲಿಯ ವೀರಗಲ್ಲೊಂದು ಸಾಕ್ಷಿಯಾಗಿದೆ. ಹೋರಾಟದಲ್ಲಿ ಮಡಿದವರ ನೆನಪಿಗೆ ನೆಡುವ ಕಲ್ಲಿಗೆ ವೀರಗಲ್ಲು ಎನ್ನುತ್ತಾರೆ.

ಲಿಪಿಯ ಆಧಾರದಿಂದ ಸುಮಾರು ಕ್ರಿ.ಶ. 750ರದೆಂದು ಗುರುತಿಸಲಾದ ಈ ಶಾಸನದ ಪ್ರಕಾರ, ಗಂಗ ದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ ಸಿರಿಗಮಿಯನು ‘ಪೆರ್ಬೊಳಲ್ ನಾಡು ಮೂವತ್ತು’ ಎಂಬ ಆಡಳಿತ ವಿಭಾಗವನ್ನು, ಅಂದರೆ ಈಗಿನ ಹೆಬ್ಬಾಳದ ಸುತ್ತಲ ಸೀಮೆಯನ್ನು ಆಳುತ್ತಿದ್ದಾಗ, ರಟ್ಟವಾಡಿಯ, ಎಂದರೆ ರಾಷ್ಟ್ರಕೂಟರ ಕಡೆಯ ಪಡೆ ದಾಳಿಯಿಟ್ಟಿತು; ಅದನ್ನು ಎದುರಿಸಿದ ಕಿಟ್ಟಯ್ಯನು ಹೋರಾಡಿ ಸತ್ತು ಇಂದ್ರಲೋಕ ಸೇರಿದನು. ದೊರೆಯ ಹೆಸರಿನಷ್ಟೇ ಮುತುವರ್ಜಿಯಿಂದ ಕಿಟ್ಟಯ್ಯನ ತಂದೆ, ತಾತಂದಿರ ಹೆಸರುಗಳನ್ನೂ ಕೆತ್ತಿರುವುದು ಗಮನಾರ್ಹ.

ಅಂದಿನ ಗಡಿಯು ಬೇಲಿ ಹಾಕಿ ಕಾಯುವ ರೇಖೆಯಾಗಿರದೆ, ಬಲವಿದ್ದವರು ಎಲ್ಲಿಯವರೆಗೆ ನುಗ್ಗಬಲ್ಲರೋ ಅಲ್ಲಿಯವರೆಗೆ ಚಾಚಿಕೊಳ್ಳುವ ಪ್ರದೇಶವಾಗಿದ್ದುದರಿಂದ, ಒಳನಾಡಿನ ಊರೂ ಒಂದೇ ದಿನದಲ್ಲಿ ಗಡಿಯ ಊರಾಗಬಹುದಿತ್ತು. ದನಗಳ ಅಪಹರಣವಾದ ‘ತುರುಗೋಳ್’ ಮತ್ತು ಊರನ್ನೇ ಹಾಳುಗೆಡಹುವ ‘ಊರಳಿವು’ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಕಾಣಿಸುವುದಕ್ಕೆ ಕಾರಣವೂ ಇದೇ: ಎದುರಾಳಿಯ ಆದಾಯದ ಮೂಲ ಹಳ್ಳಿಯ ದನಕರು ಮತ್ತು ದವಸಧಾನ್ಯವಾಗಿದ್ದರಿಂದ, ಅರಮನೆಯ ವೈರಕ್ಕೆ ಮೊದಲು ತೆತ್ತವರು ಹಳ್ಳಿಗರೇ ಆಗಿದ್ದರು.

ಹೆಬ್ಬಾಳದ ದಾಳಿ ದೀರ್ಘ ಸಂಘರ್ಷದ ಒಂದು ಘಟ್ಟ ಮಾತ್ರ. ರಾಷ್ಟ್ರಕೂಟ ಒಂದನೆಯ ಕೃಷ್ಣನು 768ರಲ್ಲಿ ಇಂದಿನ ನೆಲಮಂಗಲ ತಾಲ್ಲೂಕಿನ ಮಣ್ಣೆಯಲ್ಲಿ ಬೀಡುಬಿಟ್ಟಿದ್ದನೆಂದು ತಳೇಗಾಂವ್ ತಾಮ್ರಪಟಗಳು ತಿಳಿಸುತ್ತವೆ; ಮುಂದೆ ರಾಷ್ಟ್ರಕೂಟ ಧ್ರುವನು ಶ್ರೀಪುರುಷನ ಮಗ ಇಮ್ಮಡಿ ಶಿವಮಾರನನ್ನು ಸೆರೆಯಲ್ಲಿರಿಸಿದನು.

ಬೆಂಗಳೂರಿನಲ್ಲಿ ದೊರೆತ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲಿ ಒಂದಾದ ಈ ಕಲ್ಲು 2018ರಲ್ಲಿ ಚರಂಡಿ ಕಾಮಗಾರಿಯ ವೇಳೆ ಬೆಳಕಿಗೆ ಬಂದಿದ್ದು, ಆಸಕ್ತರ ಪ್ರಯತ್ನದಿಂದ ಉಳಿದು, ಹೆಬ್ಬಾಳದಲ್ಲೇ ಮಂಟಪದ ಆಶ್ರಯ ಪಡೆದಿದೆ. ರಾಜರ ಕಥೆಗೆ ತಾಮ್ರಪಟಗಳೂ ಕಾವ್ಯಗಳೂ ಇವೆ. ಕಿಟ್ಟಯ್ಯನಂಥವರಿಗಿರುವುದು ಇಂಥ ಕಲ್ಲು ಮಾತ್ರ. ಆದ್ದರಿಂದ ಪಾಯ ತೋಡುವಾಗಲೋ ರಸ್ತೆ ಅಗೆಯುವಾಗಲೋ ಅಕ್ಷರವಿರುವ ಕಲ್ಲು ಕಂಡವರು ಅದನ್ನು ಕದಲಿಸದೆ ಪುರಾತತ್ವ ಇಲಾಖೆಯ ಗಮನಕ್ಕೆ ತರಬೇಕು.